ಎರವಲು ಸಾಮಾನಲ್ಲಿ ಕಟ್ಟಿದ ಸ್ವಂತ ಮನೆ

"ಅವರ ಆ್ಯಪಲ್ಲಿ ಕೂತು, ಅವರ ಇಂಗ್ಲಿಷಲ್ಲಿ, ಅವರ ಕಾನೂನು ಹಿಡ್ಕೊಂಡು ಎಂಥಾ ವಿಮೋಚನೆ ಸರ್?" ಅಂತ ನಮ್ಮ ಹುಡುಗರು ಆಗಾಗ ಕೇಳ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಒಂದು ಕಂಪ್ಯೂಟರ್ ಕತೆ ಇದೆ.

1969, ಅಮೆರಿಕದ ಬೆಲ್ ಲ್ಯಾಬ್ಸ್. ಮಲ್ಟಿಕ್ಸ್ ಅನ್ನೋ ಭಾರೀ ಯೋಜನೆಯಿಂದ ಸಂಸ್ಥೆ ಆಗಷ್ಟೇ ಹೊರಬಂದಿತ್ತು. ಹೊಸ ಆಪರೇಟಿಂಗ್ ಸಿಸ್ಟಂ ಕಟ್ಟೋಕೆ ಒಂದು ಯಂತ್ರ ಕೊಡಿಸಿ ಅಂತ ಕೆನ್ ಥಾಂಪ್ಸನ್ ಮತ್ತು ಗೆಳೆಯರು ಕೇಳಿದ್ರು. ಮೇಲಿನವರು ಕೊಡಲಿಲ್ಲ. ಸಿಕ್ಕಿದ್ದು ಯಾರೂ ಹೆಚ್ಚು ಬಳಸದ ಪಿಡಿಪಿ-7. ಥಾಂಪ್ಸನ್ ಏನು ಮಾಡಿದ್ರು? ಸಂಸ್ಥೆಯ ದೊಡ್ಡ ಜಿಇ-635 ಕಂಪ್ಯೂಟರಿನ ಅಸೆಂಬ್ಲರನ್ನೇ ಬಳಸಿ ಪಿಡಿಪಿ-7ಕ್ಕೆ ಬೇಕಾದ ಕೋಡ್ ತಯಾರಿಸಿದ್ರು. (ಅಸೆಂಬ್ಲರ್ ಅಂದ್ರೆ ನಾವು ಬರೆದದ್ದನ್ನ ಯಂತ್ರದ ಭಾಷೆಗೆ ಇಳಿಸೋ ಪ್ರೋಗ್ರಾಂ.) ಅದನ್ನ ಕಾಗದದ ಟೇಪಿಗೆ ತೂತು ಹೊಡೆಸಿ, ಹೊತ್ಕೊಂಡು ಬಂದು ಈ ಯಂತ್ರಕ್ಕೆ ಉಣಿಸೋದು. ತಿದ್ದುಪಡಿ ಬಂದ್ರೆ ಮತ್ತೆ ಅದೇ ಓಡಾಟ.

ಅವರು ಮೊದಲು ಕಟ್ಟಿದ್ದೇನು ಅನ್ನೋದು ಮುಖ್ಯ. ಕರ್ನಲ್, ಎಡಿಟರ್, ಅಸೆಂಬ್ಲರ್, ಸರಳವಾದ ಶೆಲ್, ಫೈಲ್ ನಕಲು ಮಾಡೋಕೆ, ಅಳಿಸೋಕೆ, ನೋಡೋಕೆ ನಾಲ್ಕಾರು ಕಮಾಂಡು. ಅಷ್ಟೇ. ಇಷ್ಟು ಮುಗಿದ ಮೇಲೆ ಟೇಪ್ ಹೊರೋದು ನಿಂತಿತು. ಪಿಡಿಪಿ-7 ತನ್ನ ಮುಂದಿನ ಕೆಲಸವನ್ನ ತಾನೇ ಮಾಡ್ಕೊಳ್ತು. ಅದೇ ಮುಂದೆ ಯುನಿಕ್ಸ್ ಆಯ್ತು.

1971ರ ಹೊತ್ತಿಗೆ ಅದು ಪಿಡಿಪಿ-11ಕ್ಕೆ ಬಂದಿತ್ತು. ಮೆಮೊರಿ ಬರೀ 24 ಕಿಲೋಬೈಟ್. ಅಷ್ಟರಲ್ಲೇ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ದಿನವಿಡೀ ಅರ್ಜಿ ಟೈಪ್ ಮಾಡ್ತಿದ್ರು. ಗುಮಾಸ್ತನಾದ ನನಗೆ ಈ ಸಂಗತಿ ಬಹಳ ಹತ್ತಿರದ್ದು.

ಬಾಬಾಸಾಹೇಬರನ್ನ ನೆನೆಸ್ಕೊಳ್ಳಿ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಕಲಿತ ಅರ್ಥಶಾಸ್ತ್ರ, ಕಾನೂನು ಬೇರೆಯವರ ಯಂತ್ರವೇ. 1920ರಲ್ಲಿ 'ಮೂಕನಾಯಕ' ಹೊರಟಾಗ ಶಾಹೂ ಮಹಾರಾಜರ ನೆರವಿತ್ತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಸ್ವಂತ ಪ್ರೆಸ್ಸು ಹಾಕಿದ್ರು, ಸ್ವಂತ ಸಂಘಟನೆ, ಸ್ವಂತ ಪಕ್ಷ ಕಟ್ಟಿದ್ರು. ಪ್ರೆಸ್ಸು ಅಂದ್ರೆ ನಮ್ಮ ಅಸೆಂಬ್ಲರ್.

ಹಾಗಾಗಿ ಎರವಲು ತರೋಕೆ ನಾಚಿಕೆ ಬೇಡ. ಆದ್ರೆ ತಂದ ಸಾಮಾನಲ್ಲಿ ಮೊದಲು ಏನು ಕಟ್ತಿದ್ದೀವಿ ಅನ್ನೋ ಲೆಕ್ಕ ಇರಲಿ. ಎಷ್ಟೋ ಸಂಘಟನೆಗಳ ಸದಸ್ಯರ ಪಟ್ಟಿ ಇವತ್ತು ಫೋನಿನ ಗ್ರೂಪಲ್ಲಿ ಮಾತ್ರ ಇದೆ. ಎಫ್‌ಐಆರ್ ಪ್ರತಿ ಯಾರದೋ ಮೊಬೈಲಲ್ಲಿ ಇದೆ. ದೌರ್ಜನ್ಯ ನಡೆದ್ರೆ ದೂರು ಬರೆದುಕೊಡೋ ಒಬ್ಬರಿಗಾಗಿ ಇಡೀ ತಾಲ್ಲೂಕು ಕಾಯುತ್ತೆ. ಆ ಒಬ್ಬರು ಊರಲ್ಲಿಲ್ಲ ಅಂದ್ರೆ ಕೇಸು ಅಲ್ಲೇ ಕೂರುತ್ತೆ. ನಾವಿನ್ನೂ ಟೇಪ್ ಹೊರ್ತಾನೇ ಇದ್ದೀವಿ ಅಂತ ಅರ್ಥ.

ದೊಡ್ಡ ಸಮಾವೇಶ ಆಮೇಲೆ ಮಾಡೋಣ. ಮೊದಲು ಪ್ರತಿ ಕೇರಿಯಲ್ಲಿ 1989ರ ಕಾಯ್ದೆ ಓದಿ, ದೂರು ಬರೆಯಬಲ್ಲ ಇಬ್ಬರು ತಯಾರಾಗಲಿ, ಅವರಲ್ಲಿ ಒಬ್ಬಳು ಹೆಣ್ಣುಮಗಳಾಗಿರಲಿ. ಒಂದು ರಿಜಿಸ್ಟರ್, ಒಂದು ಲೆಕ್ಕದ ಪುಸ್ತಕ, ಕಾಗದಪತ್ರಕ್ಕೆ ಬೀಗ ಇರೋ ಒಂದು ಪೆಟ್ಟಿಗೆ ಇರಲಿ. ಆ ಇಬ್ಬರು ಇನ್ನಿಬ್ಬರಿಗೆ ಕಲಿಸಲಿ.

ನಿಮ್ಮ ಕೇರಿಯಲ್ಲಿ ಆ ಇಬ್ಬರು ಯಾರು? ಈ ಭಾನುವಾರ ಕೂತು ಹೆಸರು ಬರೀರಿ.

ಜೈ ಭೀಮ್.