ಅರೆಕಾಲಿಕ ದ್ವೀಪ

ಹಾಸನ ಜಿಲ್ಲೆಗೆ ಕಡಲಿಲ್ಲ. ಮಂಗಳೂರು ಕಡೆಯ ಬೀಗರು ಬಂದು ನಮ್ಮ ಮೀನು ಸಾರಿಗೆ ಮೂಗು ಮುರಿದಾಗಷ್ಟೇ ಆ ಕೊರತೆ ನೆನಪಾಗುವುದು. ಆಗೆಲ್ಲ ಸೋದರಮಾವ ಮುದ್ದೆ ಮುರಿಯುತ್ತಲೇ ಹೇಳುತ್ತಿದ್ದರು: “ಕಡ್ಲಿಲ್ದಿದ್ರೆ ಏನಂತೆ? ನಮ್ಗೂ ಒಂದು ದ್ವೀಪ ಐತೆ. ಬ್ಯಾಸ್ಗೇಲಿ ನಡ್ಕೊಂಡೇ ಹೋಗ್ಬೋದು!”

ಅದು ಶೆಟ್ಟಿಹಳ್ಳಿಯ ರೋಸರಿ ಚರ್ಚು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಅಣೆಕಟ್ಟು ಎದ್ದು ಹೇಮಾವತಿ ಹಿಂದಕ್ಕೆ ಹರಡಿಕೊಂಡಳು. ಊರಿನ ಜನ ಗಂಟುಮೂಟೆ ಕಟ್ಟಿದರು, ದೇವರ ಮನೆ ಮಾತ್ರ ಅಲ್ಲೇ ಉಳಿಯಿತು. ಮಳೆಗಾಲ ಹಿಡಿದರೆ ದ್ವೀಪ, ನೀರಿಳಿದರೆ ದನ ಮೇಯುವ ಬಯಲು. ಗೋಡೆಯ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ. ಮೀನುಗಳು ಅದರ ಸುತ್ತ ಸುಳಿಯುವುದು ಭಕ್ತಿಯಿಂದಲೋ ಬೆಲ್ಲದಾಸೆಯಿಂದಲೋ, ಹೇಳುವುದು ಕಷ್ಟ.

ಹೊಳೆಯ ಬೆಸ್ತರು ಮೊದಲು ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದರು, ಹರಿವ ನೀರಿಗೆ ಬಲೆ ಬೀಸುತ್ತಿದ್ದರು. ಮೂವತ್ತೇಳು ಟಿಎಂಸಿ ನೀರು ಒಂದೆಡೆ ನಿಂತ ಮೇಲೆ ಕಸುಬೇ ಬದಲಾಯಿತು. ಸಂಜೆ ಬಲೆ ಕಟ್ಟಿ ಬರಬೇಕು, ಬೆಳಕು ಹರಿಯುವ ಮುಂಚೆ ಬಿಚ್ಚಬೇಕು. ಮೀನೂ ಹೊರಗಿನದೇ. ಕಾಟ್ಲಾ, ರೋಹು ಉತ್ತರದ ಹೊಳೆಗಳವು. ಗಂಗಾಮತಸ್ಥರೆನಿಸಿಕೊಂಡ ಈ ಬೆಸ್ತರ ಬಲೆಗೆ ಕಡೆಗೂ ಗಂಗೆಯ ಮೀನೇ ಬಿತ್ತು. ಜಿಲೇಬಿ ಮೀನಿನ ತವರು ಆಫ್ರಿಕಾ. ಇಂಡಿಯಾಕ್ಕೆ ಬಂದದ್ದು 1952ರಲ್ಲಿ. ರೈತರು ಒಕ್ಕಲೆದ್ದ ನೆಲಕ್ಕೆ ಮೀನುಗಳು ಒಕ್ಕಲು ಬಂದವು, ಪರಿಹಾರದ ಅರ್ಜಿ ಗಿರ್ಜಿ ಏನೂ ಇಲ್ಲದೆ.

ಅದೃಷ್ಟವೆಂದರೆ ಅರಕಲಗೂಡು ತಾಲೂಕಿನ ರಾಮನಾಥಪುರದ ಮೀನುಗಳದ್ದು. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ಅವನ್ನು ಹಿಡಿಯುವಂತಿಲ್ಲ. ಭಕ್ತರು ಎರಚುವ ಪುರಿ ತಿಂದು ಕೊಬ್ಬಿವೆ. ಅದೇ ಜಿಲ್ಲೆಯ ಗೊರೂರಿನಲ್ಲಿ ಹುಟ್ಟಿದ ತಪ್ಪಿಗೆ ನಮ್ಮವು ಹುಣಸೇಹುಳಿಗೆ ಬೀಳುತ್ತವೆ.

ಹೊಳೆಯ ಕಾಲದ ಊರನ್ನು ಬರೆದಿಡಲು ಗೊರೂರು ರಾಮಸ್ವಾಮಿ ಅಯ್ಯಂಗಾರರಿದ್ದರು. ಹಿನ್ನೀರಿನ ಚರಿತ್ರೆ ಬೆಸ್ತರ ಬಾಯಲ್ಲಿದೆ, ಅದೂ ವ್ಯಾಪಾರದ ಮಾತಿನ ನಡುನಡುವೆ. ಒಮ್ಮೆ ದಡದಲ್ಲಿ ಒಬ್ಬ ಹುಡುಗ, ಇನ್ನೂ ಮೀಸೆ ಸರಿಯಾಗಿ ಮೂಡಿರದವನು, ಇನ್ನೊಬ್ಬನಿಗೆ ಕೂಗಿ ಹೇಳುತ್ತಿದ್ದ: “ನಾನು ಗೌಡ್ರ ತೋಟದಲ್ಲಿ ಕಟ್ಟಿವ್ನಿ, ನೀನು ಹುಣ್ಸೇಮರದ ತಾವ ಕಟ್ಕೋ.” ಎದುರಿಗೆ ನೋಡಿದರೆ ಬರೀ ನೀರು. ತೋಟ ಮುಳುಗಿದಾಗ ಅವನಪ್ಪನೇ ಚಡ್ಡಿ ಹುಡುಗನಿದ್ದಿರಬೇಕು. ಆದರೂ ಬದು, ಬಾವಿ, ಕಣ, ದೊಡ್ಡಿ ಎಲ್ಲ ಅವನಿಗೆ ಗೊತ್ತು. ಬಲೆ ಸಿಕ್ಕಿ ಹರಿಯಬಾರದಲ್ಲ. ಕಂದಾಯ ಇಲಾಖೆ ಕೈಬಿಟ್ಟ ಊರಿನ ಪಹಣಿಯನ್ನು ಆ ಹುಡುಗ ಬಾಯಿಪಾಠ ಮಾಡಿಕೊಂಡಿದ್ದ. ನನಗೆ ಏನೋ ಆಗಿ ಮಾತು ಹೊರಡಲಿಲ್ಲ.

ಮಾವನಿಗೆ ಅಂಥದ್ದೇನೂ ಆಗಲಿಲ್ಲ. ಬುಟ್ಟಿಗೆ ಕೈಹಾಕಿ, ಕಾಟ್ಲಾದ ಕಿವಿರು ಎತ್ತಿ ನೋಡಿ ಕೇಳಿದರು: “ಎಷ್ಟ್ಲಾ ಇದು?”

ಹುಡುಗ ರೇಟು ಹೇಳಿದ.

“ಅಷ್ಟೊಂದಾ?”

“ಗೌಡ್ರ ತೋಟದ್ದು ಸ್ವಾಮಿ. ಕಮ್ಮಿ ಆಗಕ್ಕಿಲ್ಲ.”

“ತೋಟ ನೋಡಿದ್ದೋನು ನಾನು ಕಣ್ಲಾ,” ಅಂದರು ಮಾವ, “ಅಲ್ಲಿ ತೆಂಗಿನಕಾಯೂ ಇಷ್ಟು ದುಬಾರಿ ಇರ್ಲಿಲ್ಲ,” ಎಂದು ಹತ್ತು ರೂಪಾಯಿ ಇಳಿಸಿಯೇ ಬಿಟ್ಟರು.