ತೆರೆದರೆ ನಿಲ್ಲುವ ಕರೆಂಟು

ತೂಬು ತೆರೆದರೆ ನೀರು ಹರಿಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಕರೆಂಟಿನ ಭಾಷೆ ಇದಕ್ಕೆ ಉಲ್ಟಾ. ಸರ್ಕ್ಯೂಟ್ 'ಓಪನ್' ಆದರೆ ಹರಿವು ನಿಂತಿತು, 'ಕ್ಲೋಸ್' ಆದರೆ ಶುರುವಾಯಿತು. ಶಾಲೆಯಲ್ಲಿ 'ತೆರೆದ ಮಂಡಲ' ಎಂದು ಬರೆದು ಅಂಕ ಪಡೆದವರಿಗೆ ಇದು ತೊಡಕಲ್ಲ. ಗೋದಾಮಿನಲ್ಲಿ ಸ್ಪ್ಯಾನರ್ ಹಿಡಿದು ನಿಂತವನಿಗೆ?

ಪುಣೆಯಲ್ಲಿ ಕೂತು ನಾನು ಈಚೆಗೆ ಕನ್ನಡಕ್ಕೆ ತಂದದ್ದು ಬ್ಯಾಟರಿ ಫೋರ್ಕ್‌ಲಿಫ್ಟ್, ಪ್ಯಾಲೆಟ್ ಟ್ರಕ್‌ಗಳ ಕಾಂಟ್ಯಾಕ್ಟರ್ ಬದಲಿಸುವ ಕೈಪಿಡಿ. ಓದುವವರು ಬೆಂಗಳೂರಿನ ಸುತ್ತಮುತ್ತಲ ಗೋದಾಮುಗಳ ಮೆಕ್ಯಾನಿಕ್‌ಗಳು. ಕಾಂಟ್ಯಾಕ್ಟರ್ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಸ್ವಿಚ್ಚು. ಕಾಯಿಲ್‌ಗೆ ಕರೆಂಟು ಬಂದರೆ ಅದು ಅಯಸ್ಕಾಂತವಾಗಿ ಒಳಗಿನ ಕಬ್ಬಿಣವನ್ನು ಎಳೆಯುತ್ತದೆ, ಬೆಳ್ಳಿ ಬೆರೆತ ಲೋಹದ ತುದಿಗಳು ಟಕ್ಕೆಂದು ಕೂಡುತ್ತವೆ, ಮೋಟರಿನ ದಾರಿ ಸಿಗುತ್ತದೆ. ಕಾಯಿಲ್ ಕರೆಂಟು ನಿಂತರೆ ಸ್ಪ್ರಿಂಗ್ ಅವನ್ನು ಬಿಡಿಸುತ್ತದೆ. ಬಿಡುವಾಗಲೇ ಕಿಡಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ಆರಲು ಅವಕಾಶ ಸಿಗುತ್ತದೆ. ಬ್ಯಾಟರಿಯ ಡಿಸಿಗೆ ಆ ಸೊನ್ನೆಯೇ ಇಲ್ಲ. ಸುಟ್ಟು ಸುಟ್ಟು ತುದಿಗಳು ಒಂದು ದಿನ ಬೆಸೆದುಕೊಂಡುಬಿಡಬಹುದು. ತುರ್ತು ಗುಂಡಿ ಕಾಯಿಲ್‌ನ ಕರೆಂಟನ್ನಷ್ಟೇ ಕಡಿಯುವ ಯಂತ್ರಗಳಲ್ಲಿ ಆಗ ಗುಂಡಿ ಒತ್ತಿದರೂ ತುದಿಗಳು ಬಿಡುವುದಿಲ್ಲ. ಬ್ಯಾಟರಿಯ ಪ್ಲಗ್ಗನ್ನೇ ಕೀಳಬೇಕು.

ಹೀಗಿರುವಾಗ 'ಕಾಂಟ್ಯಾಕ್ಟ್ ಓಪನ್ ಆಗಿದೆಯೇ ನೋಡಿ' ಎಂಬ ಸಾಲಿಗೆ ಏಜೆನ್ಸಿಯ ಪದಪಟ್ಟಿ ಕೊಟ್ಟದ್ದು 'ತೆರೆದಿದೆಯೇ'. ತೂಬಿನ ಲೆಕ್ಕದಲ್ಲಿ ಓದಿದರೆ ಕರೆಂಟು ಹರಿಯುತ್ತಿದೆ ಎಂದಾಯಿತು. ಆಡುಮಾತಿನ 'ತೆಗಿ' ಇನ್ನೂ ಕಷ್ಟ. ಬಾಗಿಲು ತೆಗಿ ಎಂದರೆ ತೆರೆ, ಅಂಗಿ ತೆಗಿ ಎಂದರೆ ಕಳಚು. ಕಾಂಟ್ಯಾಕ್ಟ್ ತೆಗೆಯಿರಿ ಎಂದರೆ ಆತ ಬಿಚ್ಚಿ ಮೇಜಿನ ಮೇಲಿಡುತ್ತಾನೆ.

ಹುಬ್ಬಳ್ಳಿಯಲ್ಲಿ ಇಂಥ ಗಾಡಿಗಳನ್ನೇ ರಿಪೇರಿ ಮಾಡುವ ನನ್ನ ಸೋದರಮಾವನಿಗೆ ಫೋನು ಮಾಡಿ, "ಮಾಮಾ, ನೀವು ಏನಂತೀರಿ?" ಎಂದೆ.

"ಪಾಯಿಂಟ್ ಕೂಡ್ಯಾವ, ಪಾಯಿಂಟ್ ಬಿಟ್ಟಾವ. ಇಷ್ಟ. ತೆರದಾವ ಅಂತ ಬರದ್ರ ಯಾವ ಬಾಗ್ಲಾ ಅಂತ ಕೇಳ್ತಾರ."

ಭಾಷಾವಿಜ್ಞಾನದ ಎಂ.ಎ. ತರಗತಿಯಲ್ಲಿ ಇಂಥ ಪರಿಹಾರಕ್ಕೆ ನಾಲ್ಕು ಪುಟ ಬರೆಯುತ್ತಿದ್ದೆವು. 'ಕೂಡು', 'ಬಿಡು' ಎಂದು ತಿದ್ದಿದೆ. ಏಜೆನ್ಸಿಯ ಸಾಫ್ಟ್‌ವೇರ್ 31 ಕಡೆ ಕೆಂಪು ಗೆರೆ ಎಳೆಯಿತು, ಪದಪಟ್ಟಿಯಂತೆ ಸರಿಪಡಿಸಿ ಎಂದು ಮೇಲ್ ಬಂತು. ಸರಿಪಡಿಸುವುದಿಲ್ಲ, ಬೇಕಾದರೆ ಫೈಲನ್ನು ಬೇರೆಯವರಿಗೆ ಕೊಡಿ ಎಂದು ಬರೆದೆ. ಆ ತಿಂಗಳ ಬಾಡಿಗೆ ಆ ಫೈಲಿನಿಂದಲೇ ಬರಬೇಕಿತ್ತು. ಎರಡು ದಿನ ಮೌನ, ಆಮೇಲೆ ಒಪ್ಪಿದರು. ಬಿಡಿಭಾಗದ ಮೈಮೇಲೆ ಅಚ್ಚಾಗಿರುವ 'ಎನ್ಒ' ಗುರುತನ್ನು ಹಾಗೇ ಉಳಿಸಿ, ಕಾಯಿಲ್‌ಗೆ ಕರೆಂಟಿಲ್ಲದಾಗ ಪಾಯಿಂಟ್ ಬಿಟ್ಟಿರುತ್ತದೆ ಎಂಬ ಸಾಲನ್ನು ಪಕ್ಕದಲ್ಲಿ ಸೇರಿಸಿದೆ.

ವೋಲ್ಟೇಜಿನ ಪುಟ ಮಾತ್ರ ಸಲೀಸಾಗಿ ಮುಗಿಯಿತು. ಒಂದೇ ಆಕಾರದ ಕಾಂಟ್ಯಾಕ್ಟರು 24ಕ್ಕೂ ಬರುತ್ತದೆ, 48ಕ್ಕೂ ಬರುತ್ತದೆ. ಬ್ಯಾಟರಿ 48 ಎಂದು ಕಾಯಿಲ್ಲೂ 48 ಇರಬೇಕೆಂದಿಲ್ಲ, ಹಳೆಯದರ ಲೇಬಲ್ ನೋಡಿಯೇ ಹೊಸದನ್ನು ತರಬೇಕು. ಅಂಕಿಗಳಿಗೆ ಪದಪಟ್ಟಿಯ ಕಾಟವಿಲ್ಲ.

ಮುಂದಿನ ಅಧ್ಯಾಯ ಅದೇ ಫೋರ್ಕ್‌ಲಿಫ್ಟಿನ ಹೈಡ್ರಾಲಿಕ್ ವಾಲ್ವಿನದು. ಅಲ್ಲಿ ತೆರೆದರೆ ಎಣ್ಣೆ ಹರಿಯುತ್ತದೆ.