ತವರು ಹುಡುಕುವ ದ್ವೀಪ

ಹಿಂದೂ ಮಹಾಸಾಗರದ ನೀಲಿಯಲ್ಲಿ ಎಳ್ಳುಕಾಳಿನಷ್ಟು ಕಾಣುವ ದೇಶ ಮಾರಿಷಸ್. ಬಿಳಿ ಮರಳಿನ ಕಡಲತೀರ ನೋಡಲೆಂದು ಹೋಗುವವರೇ ಬಹಳ. ಆದರೆ ರಾಜಧಾನಿ ಪೋರ್ಟ್ ಲೂಯಿಗೆ ಹೋದವರು ಬಂದರಿನ ಪಕ್ಕದ 16 ಕಲ್ಲುಮೆಟ್ಟಿಲುಗಳನ್ನು ನೋಡದೆ ಬರಬಾರದು. ಆ ಜಾಗದ ಹೆಸರು ಆಪ್ರವಾಸಿ ಘಾಟ್. 2006ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು.

ಬ್ರಿಟಿಷರ ರಾಜ್ಯದಲ್ಲಿ ಗುಲಾಮಗಿರಿ ಕೊನೆಯಾಗುತ್ತಿದ್ದ ಕಾಲ. ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1834ರ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು 36 ಮಂದಿ ಭಾರತೀಯರನ್ನು ಇಲ್ಲಿ ಇಳಿಸಿತು. ಅಲ್ಲಿಂದ ಶುರುವಾಯಿತು ನೋಡಿ! ಕಲ್ಕತ್ತಾ, ಮದರಾಸು, ಮುಂಬಯಿ ಬಂದರುಗಳಿಂದ ಹಡಗಿನ ಮೇಲೆ ಹಡಗು. 1920ರ ಹೊತ್ತಿಗೆ ಹತ್ತಿರಹತ್ತಿರ ಐದು ಲಕ್ಷ ಜನ ಬಂದಿದ್ದರು. ಗಂಡನ ಜೊತೆ ಬಂದ ಹೆಂಗಸರಿದ್ದರು, ಒಂಟಿಯಾಗಿ ಬಂದವರೂ ಇದ್ದರು. ಕರಾರಿಗೆ ಹೆಬ್ಬೆಟ್ಟು ಒತ್ತಿ ಹೊರಟವರಲ್ಲಿ ಎಷ್ಟೋ ಮಂದಿ ಮತ್ತೆ ಊರಿನ ಮುಖ ಕಾಣಲಿಲ್ಲ. ಹೆಣ್ಣುಮಕ್ಕಳಿಗೆ ಎರಡು ದಿನ ತವರಿನ ಕಾಗದ ಬರದಿದ್ದರೆ ಹೇಗಾಗುತ್ತದೆಂದು ನಮಗೆ ಗೊತ್ತಿಲ್ಲವೇ? ಇವರಿಗೆ ತವರೇ ಅಳಿಸಿಹೋಯಿತು.

ಮೆಟ್ಟಿಲು ಹತ್ತಿ ಬಂದವರಿಗೆ ಡಿಪೋದಲ್ಲಿ ಒಂದೆರಡು ದಿನ ತಂಗು. ಅಲ್ಲಿನ ಅಡುಗೆಮನೆ, ಆಸ್ಪತ್ರೆಗಳ ಗೋಡೆಗಳ ಅವಶೇಷ ಇವತ್ತಿಗೂ ಇವೆ. ಗುಮಾಸ್ತ ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟು ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು, ಎತ್ತರ, ಮೈಮೇಲಿನ ಗುರುತು, ಹಡಗಿನ ಹೆಸರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. 1860ರ ದಶಕದಿಂದ ಫೋಟೋ ತೆಗೆಯುವುದೂ ಬಂತು. ಪ್ರೀತಿಯಿಂದಲ್ಲ, ತೋಟ ಬಿಟ್ಟು ಓಡಿಹೋದವರನ್ನು ಹಿಡಿಯಲಿಕ್ಕೆ!

ವಿಚಿತ್ರ ನೋಡಿ, ಮನುಷ್ಯರನ್ನು ನಂಬರಾಗಿಸಿದ ಆ ದಪ್ಪ ಪುಸ್ತಕಗಳೇ ಇಂದು ಮರಿಮಕ್ಕಳ ಕೈಹಿಡಿದಿವೆ. ಪೋರ್ಟ್ ಲೂಯಿಯಿಂದ ಸ್ವಲ್ಪ ದೂರದ ಮೋಕಾದಲ್ಲಿ ಮಹಾತ್ಮ ಗಾಂಧಿ ಸಂಸ್ಥೆ ಇದೆ. ದಾಖಲೆಗಳೆಲ್ಲ ಅಲ್ಲಿವೆ. ಹುಡುಕುವವರು ತಮ್ಮಿಂದ ಹಿಂದಕ್ಕೆ ಹೋಗಬೇಕು: ತಮ್ಮ ಜನನಪತ್ರ, ಅಪ್ಪ ಅಮ್ಮನದು, ಅಜ್ಜ ಅಜ್ಜಿಯರ ಮದುವೆಯ ದಾಖಲೆ. ಹೀಗೆ ಒಂದೊಂದೇ ಗಂಟು ಬಿಚ್ಚುತ್ತ ಹೋದರೆ ಯಾವುದೋ ಹಳೆಯ ಕಾಗದದಲ್ಲಿ ಆ ನಂಬರು ಸಿಗುತ್ತದೆ. ನಂಬರು ಸಿಕ್ಕರೆ ಊರು ಸಿಕ್ಕಂತೆ. ಅದೃಷ್ಟವಿದ್ದರೆ ಮುತ್ತಜ್ಜಿಯ ಮುಖವೂ ಸಿಕ್ಕೀತು.

ಸುಲಭ ಅಂತೀರಾ? ಕೇಳಿದ ಹಾಗೆ ಬರೆದ ಗುಮಾಸ್ತರ ಕೈಯಲ್ಲಿ ಹೆಸರುಗಳು ಏನೇನೋ ಆಗಿವೆ. ಊರಿನ ಕಥೆಯೂ ಅಷ್ಟೆ. ಪುಸ್ತಕದಲ್ಲಿ 'ಶಾಹಾಬಾದ್ ಜಿಲ್ಲೆ' ಎಂದಿದ್ದರೆ ಇಂದಿನ ಬಿಹಾರದ ಭೂಪಟದಲ್ಲಿ ಅದು ಕಾಣುವುದಿಲ್ಲ. 1972ರಲ್ಲಿ ಅದು ಭೋಜಪುರ, ರೋಹತಾಸ್ ಎಂದು ಒಡೆಯಿತು. ಒಂದೇ ಹೆಸರಿನ ಹತ್ತು ಹಳ್ಳಿಗಳಿದ್ದರಂತೂ ಠಾಣೆಯ ಹೆಸರೂ ಬೇಕು.

ಆದರೂ ಹುಡುಕಿದವರಿಗೆ ಸಿಕ್ಕಿದೆ. ಹೀಗೆ ಹಡಗು ಹತ್ತಿದವರು ಮಾರಿಷಸ್‌ಗೆ ಮಾತ್ರವಲ್ಲ, ಫಿಜಿ, ಟ್ರಿನಿಡಾಡ್‌ಗಳಿಗೂ ಹೋದರಷ್ಟೆ. ಟ್ರಿನಿಡಾಡಿನ ಪ್ರಧಾನಿಯಾಗಿದ್ದ ಕಮಲಾ ಪರ್ಸಾದ್ ಬಿಸೇಸರ್ 2012ರಲ್ಲಿ ತಮ್ಮ ಮುತ್ತಜ್ಜನ ಊರು, ಬಿಹಾರದ ಬಕ್ಸರ್ ಜಿಲ್ಲೆಯ ಭೇಲೂಪುರಕ್ಕೆ ಬಂದರು. ಮುತ್ತಜ್ಜ ಊರು ಬಿಟ್ಟದ್ದು 1889ರಲ್ಲಿ. ಊರಿಗೆ ಊರೇ ಮನೆಮಗಳು ಬಂದಳೆಂದು ಸಂಭ್ರಮಿಸಿತು.

ಕಾಗದ ಕಳೆದುಕೊಂಡವರು ಏನನ್ನೂ ಉಳಿಸಿಕೊಳ್ಳಲಿಲ್ಲವೆಂದಲ್ಲ. ಪೋರ್ಟ್ ಲೂಯಿಯ ಬೀದಿಯಲ್ಲಿ 'ದಾಲ್ ಪುರಿ' ಮಾರುತ್ತಾರೆ. ನಮ್ಮ ಬೇಳೆ ಹೋಳಿಗೆಯ ಅಕ್ಕತಂಗಿ ಎನ್ನಬಹುದು. ಹೂರಣಕ್ಕೆ ಬೆಲ್ಲವಿಲ್ಲ, ಬೇಯಿಸಿ ಪುಡಿಮಾಡಿದ ಬೇಳೆಗೆ ಅರಿಶಿನ, ಜೀರಿಗೆ. ಎರಡೆರಡು ಜೋಡಿಸಿ, ಕಾಳಿನ ಸಾರು, ಚಟ್ನಿ ಸವರಿ ಸುರುಳಿ ಸುತ್ತಿ ಕೊಡುತ್ತಾರೆ. ಮದುವೆಮನೆಗಳಲ್ಲಿ ಹೆಂಗಸರು ಹಾಡುವ ಭೋಜಪುರಿ 'ಗೀತ್ ಗವಾಯಿ' 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಲಟ್ಟಣಿಗೆಯಲ್ಲಿ, ಹಾಡಿನಲ್ಲಿ ಊರನ್ನು ಕಾಪಾಡಿದವರು ಹೆಂಗಸರೇ. ಆದರೆ ಹಾಡಿನಲ್ಲಿ ವಿಳಾಸವಿರುವುದಿಲ್ಲವಲ್ಲ!

ನಮ್ಮ ಮನೆಗಳಲ್ಲೂ ಕೆಲಸಕ್ಕೆಂದು ದೂರ ಹೋಗಿ ಮರೆಯಾದ ದೊಡ್ಡಪ್ಪನೋ, ಸೋದರತ್ತೆಯೋ ಇದ್ದೇ ಇರುತ್ತಾರೆ. ಅಜ್ಜಿ ಇರುವಾಗಲೇ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಅವರ ತವರೂರು, ತಾಲ್ಲೂಕು, ಅವರ ತಂದೆ ತಾಯಿಯ ಹೆಸರು, ಹೋದವರು ಹೋದ ವರ್ಷ, ಊರನ್ನು ಹಿಂದೆ ಏನೆಂದು ಕರೆಯುತ್ತಿದ್ದರು, ಇಷ್ಟು ಬರೆದಿಡಿ. ವಂಶಾವಳಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಹೆಂಗಸರ ಹೆಸರೇ. ಅದನ್ನು ಮೊದಲು ಬರೆಯಿರಿ. ಪೆಟ್ಟಿಗೆಯ ತಳದ ಹಳೆಯ ಲಕೋಟೆಯನ್ನು ರದ್ದಿಗೆ ಹಾಕಬೇಡಿ. ಅದರ ಮೇಲಿನ ಅಂಚೆ ಮುದ್ರೆಯೇ ನಾಳೆ ಯಾರನ್ನಾದರೂ ಅವರ ಮನೆ ಬಾಗಿಲಿಗೆ ತಂದು ನಿಲ್ಲಿಸೀತು.